ಚಿರತೆ ಊರಂಚಿಗೆ ಬಂದಾಗ: ಬೋನಿಗೂ ಮುಂಚೆ ಕೊಟ್ಟಿಗೆ ನೋಡಿ

ಮೈಸೂರು, ಮಂಡ್ಯ, ತುಮಕೂರು, ರಾಮನಗರ ಕಡೆಯ ಓದುಗರೂ ಈಚೆಗೆ ಬೆಂಗಳೂರಿನ ಹೊರವಲಯದ ಬಡಾವಣೆಯವರೂ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: “ನಮ್ಮ ಕಡೆ ಚಿರತೆ ಓಡಾಡ್ತಾ ಇದೆ, ಬೋನು ಇಡಿಸೋದು ಹೇಗೆ?” ಬೋನಿನ ಮಾತನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಅದಕ್ಕೆ ಮುಂಚೆ ನೀವೇ ಮಾಡಿ ಮುಗಿಸಬಹುದಾದ ಕೆಲಸಗಳಿವೆ. ಅವನ್ನು ಮಾಡದೆ ಬೋನು ಇಡಿಸಿದರೆ ಈ ಚಿರತೆ ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ.

2022ರ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮ ರಾಜ್ಯವೇ ಮುಂದು. ಈ ಲೆಕ್ಕ ಮುಖ್ಯವಾಗಿ ಕಾಡಿನದು. ಕಬ್ಬಿನ ಗದ್ದೆ, ಕಾಫಿ ತೋಟ, ಊರ ಪಕ್ಕದ ಕುರುಚಲು ಬೆಟ್ಟಗಳಲ್ಲಿ ಇರುವವು ಅದರಲ್ಲಿ ಪೂರ್ತಿ ಸೇರಿಲ್ಲ. ಹುಲಿಗೆ ಬೇಕಾದಷ್ಟು ಕಾಡು ಚಿರತೆಗೆ ಬೇಕಿಲ್ಲ. ಹಗಲು ಅಡಗಲು ಒಂದು ಲಂಟಾನ ಪೊದೆ, ರಾತ್ರಿ ಹೊಟ್ಟೆಗೆ ಒಂದು ನಾಯಿ ಸಿಕ್ಕರೆ ಸಾಕು. ನೀರಾವರಿ ಬಂದು ಕಬ್ಬು ಹೆಚ್ಚಿತು, ಊರು ಬೆಳೆದು ಕಸ ಹೆಚ್ಚಿತು, ಕಸದ ಜೊತೆ ಬೀದಿನಾಯಿ ಹೆಚ್ಚಿದವು. ಮಹಾರಾಷ್ಟ್ರದ ಅಕೋಲೆ ತಾಲೂಕಿನ ಹೊಲಗದ್ದೆಗಳಲ್ಲಿ ಚಿರತೆಯ ಲದ್ದಿ ಪರೀಕ್ಷಿಸಿದ ಸಂಶೋಧಕರಿಗೆ ಅದರ ಆಹಾರದ ತೂಕದಲ್ಲಿ ನೂರಕ್ಕೆ ಸುಮಾರು 39 ಪಾಲು ನಾಯಿಯದೇ ಎಂದು ಕಂಡುಬಂತು. ಕೆಳಗಿನ ಹಂತಗಳೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಅರಣ್ಯ ಸಹಾಯವಾಣಿ 1926, ತುರ್ತು ಸೇವೆ 112, ನಿಮ್ಮ ಭಾಗದ ಗಸ್ತು ಅರಣ್ಯ ಪಾಲಕರ (ಜನರ ಬಾಯಲ್ಲಿ ಗಾರ್ಡ್) ಮತ್ತು ಉಪ ವಲಯ ಅರಣ್ಯಾಧಿಕಾರಿಯ ಮೊಬೈಲ್ ಸಂಖ್ಯೆ, ಪಶು ಆಸ್ಪತ್ರೆಯ ಸಂಖ್ಯೆ. ಒಂದು ಒಳ್ಳೆಯ ಟಾರ್ಚು, ಅಳತೆ ಟೇಪು. ಗಾರ್ಡ್ ಸಂಖ್ಯೆಯನ್ನು ಇವತ್ತೇ ಪಡೆದುಕೊಳ್ಳಿ. ಕುರಿ ಸತ್ತ ಬೆಳಿಗ್ಗೆ ಹುಡುಕಲು ಹೊರಟರೆ ಮಧ್ಯಾಹ್ನವಾಗುತ್ತದೆ, ಅಷ್ಟರಲ್ಲಿ ಸಾಕ್ಷ್ಯ ಅಳಿದಿರುತ್ತದೆ.

1. ಬಂದದ್ದು ಯಾರು ಎಂದು ಖಚಿತಪಡಿಸಿಕೊಳ್ಳಿ

“ಚಿರತೆ ದಾಳಿ” ಎಂದು ಬರುವ ದೂರುಗಳಲ್ಲಿ ಎಷ್ಟೋ ಬೀದಿನಾಯಿಗಳ ಕೆಲಸ. ಕೊಪ್ಪಳ, ಗದಗ ಕಡೆ ತೋಳ, ಕತ್ತೆಕಿರುಬಗಳೂ ಇವೆ. ಯಾರೆಂದು ತಿಳಿಯದೆ ಮಾಡುವ ಉಪಾಯ ದಂಡ.

ಹೆಜ್ಜೆ ನೋಡಿ. ಚಿರತೆಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುವುದಿಲ್ಲ, ನಡೆಯುವಾಗ ಉಗುರು ಒಳಗಿರುತ್ತದೆ. ನಾಯಿ, ತೋಳ, ಕತ್ತೆಕಿರುಬ ಮೂರರಲ್ಲೂ ಉಗುರು ಕಾಣುತ್ತದೆ. ಚಿರತೆಯ ಹೆಜ್ಜೆ ದುಂಡಗೆ, ಅಂಗಾಲಿನ ಹಿಂದಿನ ಅಂಚು ಮೂರು ಉಬ್ಬಾಗಿ, ಅಗಲ ಹೆಚ್ಚುಕಡಿಮೆ 7–8 ಸೆಂ.ಮೀ. ಕಾಡುಬೆಕ್ಕಿನದೂ ಇದೇ ಆಕಾರ, ಆದರೆ ಅದರ ಅರ್ಧದಷ್ಟೇ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ (ಅದರ ಅಗಲ 27 ಮಿ.ಮೀ.) ಇಟ್ಟು ಫೋಟೊ ತೆಗೆಯಿರಿ. ಕೆಸರಿನಲ್ಲಿ ಹೆಜ್ಜೆ ಹರಡಿಕೊಂಡು ದೊಡ್ಡದಾಗಿ ಕಾಣುತ್ತದೆ. ಗಟ್ಟಿ ನೆಲದ ಮೇಲೆ ತೆಳುವಾಗಿ ಧೂಳು ಕೂತಿರುವ ಕಡೆ ಸಿಕ್ಕ ಹೆಜ್ಜೆಯನ್ನೇ ನಂಬಿ.

ಸತ್ತ ಪ್ರಾಣಿಯನ್ನೂ ನೋಡಿ. ಚಿರತೆ ಸಾಮಾನ್ಯವಾಗಿ ಗಂಟಲಿಗೆ ಅಥವಾ ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕಿ ಕೊಲ್ಲುತ್ತದೆ. ಅಲ್ಲಿ ಕೋರೆಹಲ್ಲಿನ ಆಳವಾದ ತೂತುಗಳಿರುತ್ತವೆ, ಎಳೆದೊಯ್ದ ಜಾಡಿರುತ್ತದೆ. ನಾಯಿಗಳಾದರೆ ತೊಡೆ, ಹೊಟ್ಟೆ, ಕಿವಿ ಎಂದು ಸಿಕ್ಕಸಿಕ್ಕಲ್ಲಿ ಹರಿದಿರುತ್ತವೆ. ಬೇರೆ ಕಾರಣಕ್ಕೆ ಸತ್ತ ಮೇಲೆ ನಾಯಿ ಎಳೆದಿದ್ದರೆ ಗಾಯದ ಸುತ್ತ ಚರ್ಮದ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದಿಲ್ಲ. ಪಶುವೈದ್ಯರು ಮೊದಲು ಪರೀಕ್ಷಿಸುವುದು ಇದನ್ನೇ.

ಬಡಾವಣೆಯವರಿಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಎಲ್ಲಿಯದು, ಯಾವ ದಿನದ್ದು ಎಂದು ಕೇಳದೆ ಮುಂದಕ್ಕೆ ಕಳಿಸಬೇಡಿ. ಸಿಸಿಟಿವಿಯ ಮೂಲ ತುಣುಕು ತರಿಸಿ. ಪ್ರಾಣಿ ಹಾದುಹೋದ ಗೋಡೆ, ಗೇಟಿನ ಪಕ್ಕ ಟೇಪು ಹಿಡಿದು ಎತ್ತರ ಅಳೆಯಿರಿ. ಎಷ್ಟೋ “ಚಿರತೆ”ಗಳು ಅಲ್ಲಿಗೇ ಬೆಕ್ಕಾಗಿಬಿಡುತ್ತವೆ.

2. ಕರೆಯುತ್ತಿರುವುದು ಏನೆಂದು ಹುಡುಕಿ

ಸಂಜೆ ಬೆಳಕಿರುವಾಗ ಮನೆ, ಕೊಟ್ಟಿಗೆ, ದಾರಿ ಸುತ್ತಿ ಬನ್ನಿ. ಕೋಳಿ ಅಂಗಡಿಯವರು ಕರುಳು, ಪುಕ್ಕ ಎಸೆಯುವ ಜಾಗ, ಮದುವೆ ಛತ್ರದ ಎಲೆ ಸುರಿಯುವ ಜಾಗ, ಸತ್ತ ದನ ಬಿಸಾಡುವ ಹಳ್ಳ: ಈ ಮೂರಿದ್ದ ಕಡೆ ನಾಯಿ ಇದ್ದೇ ಇರುತ್ತವೆ, ನಾಯಿಯ ಹಿಂದೆ ಚಿರತೆ. ಗ್ರಾಮ ಪಂಚಾಯಿತಿಗೋ ನಗರಸಭೆಗೋ ಅರ್ಜಿ ಕೊಡುವಾಗ “ಚಿರತೆ ಹಾವಳಿ” ಎಂದಷ್ಟೇ ಬರೆಯದೆ ಆ ಜಾಗದ ಹೆಸರು, ಕಸ ಎಸೆಯುವವರು ಯಾರು, ಯಾವ ಹೊತ್ತಿಗೆ ಎಂದು ಬರೆಯಿರಿ. ನಾಯಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊಣೆಯೂ ಸ್ಥಳೀಯ ಸಂಸ್ಥೆಯದೇ, ಅದನ್ನೂ ಅದೇ ಅರ್ಜಿಯಲ್ಲಿ ಕೇಳಿ.

ಶಾಲೆಯ ದಾರಿ, ಬಸ್ ನಿಲ್ಲುವ ಜಾಗ, ಹಿತ್ತಿಲ ಬಾಗಿಲು, ಕೊಟ್ಟಿಗೆ: ಈ ನಾಲ್ಕರ ಸುತ್ತ 30 ಅಡಿ ಲಂಟಾನ, ಜಾಲಿ, ಎತ್ತರದ ಹುಲ್ಲು ಕಡಿಸಿ. ಲಂಟಾನವನ್ನು ಬರೀ ಕಡಿದರೆ ಮುಂದಿನ ಮಳೆಗೆ ದುಪ್ಪಟ್ಟಾಗಿ ಚಿಗುರುತ್ತದೆ, ಬುಡದ ಬೇರಿನೊಂದಿಗೆ ಕೀಳಿಸಬೇಕು. ಇಡೀ ಬೆಟ್ಟ ಬೋಳಿಸುವ ಉತ್ಸಾಹ ಬೇಡ. ಅಡಗುವ ಜಾಗ ಅಲ್ಲಿ ಇಲ್ಲವಾದರೆ ಅದು ನಿಮ್ಮ ಕಬ್ಬಿಗೆ ಇಳಿಯುತ್ತದೆ.

3. ಕೊಟ್ಟಿಗೆ ಭದ್ರಪಡಿಸಿ

ಈ ಲೇಖನದಲ್ಲಿ ಒಂದೇ ಹಂತ ಮಾಡುವುದಕ್ಕೆ ಆಗುವುದಾದರೆ ಇದನ್ನು ಮಾಡಿ.

ಚಿರತೆ ನಿಂತ ನೆಲದಿಂದ ಸುಮಾರು 10 ಅಡಿ ಎತ್ತರಕ್ಕೆ ನೆಗೆಯಬಲ್ಲದು, ಮರ ಹತ್ತಬಲ್ಲದು, ಹೆಂಚು ಸರಿಸಬಲ್ಲದು. ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ಮೇಲೆ ತೆರೆದಿದ್ದರೆ ಅದು ಕೊಟ್ಟಿಗೆಯಲ್ಲ. ಒಳಗೆ ಇಳಿದ ಚಿರತೆ ಒಂದನ್ನು ಹೊತ್ತು ಹೋಗುತ್ತದೆ ಎಂದೂ ಅಂದುಕೊಳ್ಳಬೇಡಿ. ಮೇಕೆಗಳು ಬೆದರಿ ದಿಕ್ಕೆಟ್ಟು ಓಡುತ್ತವೆ, ಓಡುವುದನ್ನು ಕಂಡಷ್ಟೂ ಅದು ಹಿಡಿಯುತ್ತದೆ. ಬೆಳಗಾಗುವ ಹೊತ್ತಿಗೆ ಇಡೀ ಮಂದೆಯೇ ಸತ್ತಿರಬಹುದು, ತಿಂದದ್ದು ಒಂದರಲ್ಲಿ ಅರ್ಧ.

ಹತ್ತು ಮೇಕೆಗೆ ಬೇಕಾಗುವ ಕೊಟ್ಟಿಗೆಯ ಲೆಕ್ಕ ಇಲ್ಲಿದೆ. ಬೆಳೆದ ಮೇಕೆಗೆ 10–12 ಚದರಡಿಯಂತೆ 12 ಅಡಿ ಉದ್ದ, 10 ಅಡಿ ಅಗಲ.

- ಕಂಬ: 2 ಇಂಚಿನ ಜಿಐ ಪೈಪು ಅಥವಾ ಎಲ್ ಆಂಗಲ್, ಒಟ್ಟು 9. ಮುಂದೆ, ಎತ್ತರದ ಕಡೆಗೆ 9.5 ಅಡಿಯ 4 (ಒಂದು ಬಾಗಿಲಿಗೆ). ಹಿಂದೆ 8.5 ಅಡಿಯ 3. ಎರಡು ಪಕ್ಕಗಳ ನಡುವೆ 9 ಅಡಿಯ 2. ಎಲ್ಲವೂ 2 ಅಡಿ ನೆಲದೊಳಗೆ, ಕಾಂಕ್ರೀಟ್ ಹಾಕಿ. ನೆಲದ ಮೇಲೆ ಮುಂದೆ 7.5 ಅಡಿ, ಹಿಂದೆ 6.5 ಅಡಿ ಉಳಿಯುತ್ತದೆ. ಮಳೆನೀರು ಇಳಿಯಲು ಈ ಒಂದಡಿ ಇಳಿಜಾರು ಸಾಕು.
- ಗೋಡೆ: ಸೈಜುಗಲ್ಲು ಅಥವಾ ಸಿಮೆಂಟ್ ಇಟ್ಟಿಗೆಯಲ್ಲಿ 3 ಅಡಿ ಎತ್ತರ, ತಳಪಾಯ ಒಂದೂವರೆ ಅಡಿ.
- ಜಾಲರಿ: 2 ಇಂಚು × 2 ಇಂಚು ಕಣ್ಣಿನ, 10 ಗೇಜಿನ ವೆಲ್ಡ್‌ಮೆಶ್. 5 ಅಡಿ ಅಗಲ, 50 ಅಡಿ ಉದ್ದದ ಸುರುಳಿ ಎರಡು.
- ಮಾಡಿಗೆ 13 ಅಡಿಯ ಅಡ್ಡಪೈಪು 4, ಅದರ ಮೇಲೆ ಶೀಟು.
- ಕಟ್ಟಲು 14 ಗೇಜಿನ ಜಿಐ ತಂತಿ, ಚಿಲಕ ಎರಡು.

ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಆದರೆ ಲೆಕ್ಕ ತಿರುಗುಮುರುಗು. ಸಂಖ್ಯೆ ಹೆಚ್ಚಾದಷ್ಟು ತಂತಿ ತೆಳು. 10 ಗೇಜ್ ಅಂದರೆ 3.25 ಮಿ.ಮೀ., 14 ಅಂದರೆ ಬರೀ 2 ಮಿ.ಮೀ. ಅಂಗಡಿಯಲ್ಲಿ “ಇದೂ ಗಟ್ಟಿನೇ ಸಾರ್” ಎಂದು 14 ಗೇಜಿನದು ಕೊಟ್ಟರೆ ತರಬೇಡಿ. ಕೋಳಿಗೂಡಿನ ಆರು ಮೂಲೆ ಜಾಲರಿಯಂತೂ ಬೇಡವೇ ಬೇಡ, ಚಿರತೆಯ ಪಂಜಕ್ಕೆ ಅದು ಬಟ್ಟೆಯ ಹಾಗೆ. ಚೈನ್‌ಲಿಂಕ್ ಗೋಡೆಗಾದರೆ ನಡೆಯುತ್ತದೆ, ಮಾಡಿಗೆ ಬೇಡ: ಭಾರಕ್ಕೆ ಜೋತುಬೀಳುತ್ತದೆ, ಒಂದು ಎಳೆ ತುಂಡಾದರೆ ಹೊಲಿಗೆ ಬಿಚ್ಚಿದಂತೆ ಸಾಲಾಗಿ ಬಿಡುತ್ತಾ ಹೋಗುತ್ತದೆ.

ಕಟ್ಟುವ ಕ್ರಮ ಹೀಗೆ. ಕಂಬ ನಿಲ್ಲಿಸಿ ಕಾಂಕ್ರೀಟಿಗೆ ಒಂದು ವಾರ ನೀರುಣಿಸಿ. ಗೋಡೆ ಎಬ್ಬಿಸಿ. ಮೊದಲ ಸುರುಳಿಯನ್ನು ಗೋಡೆಯ ಹೊರಮೈಗೆ ಅರ್ಧ ಅಡಿ ಇಳಿಬಿಟ್ಟು ಸುತ್ತಲೂ ಕಟ್ಟಿ. ಬಾಗಿಲು ಬಿಟ್ಟು 41 ಅಡಿ ಸುತ್ತಳತೆಗೆ ಒಂದು ಸುರುಳಿ ಸಾಕು. ಜಾಲರಿ ಕಂಬದ ಹೊರಗಿರಬೇಕು, ಒಳಗಲ್ಲ. ಹೊರಗಿನಿಂದ ತಳ್ಳಿದರೆ ಅದು ಕಂಬಕ್ಕೆ ಒತ್ತಿಕೊಳ್ಳುತ್ತದೆ; ಒಳಗೆ ಕಟ್ಟಿದ್ದರೆ ಭಾರವೆಲ್ಲ ಕಟ್ಟಿದ ತಂತಿಯ ಮೇಲೆ ಬೀಳುತ್ತದೆ. ಪ್ರತಿ 6 ಇಂಚಿಗೊಂದು ಕಟ್ಟು ಹಾಕಿ. ಪ್ಲಾಸ್ಟಿಕ್ ಕಟ್ಟು ಬಿಸಿಲಿಗೆ ವರ್ಷದೊಳಗೆ ಪುಡಿಯಾಗುತ್ತದೆ. ಎರಡನೇ ಸುರುಳಿಯಲ್ಲಿ 13 ಅಡಿಯ ಮೂರು ತುಂಡು ಕತ್ತರಿಸಿ ಅಡ್ಡಪೈಪಿನ ಮೇಲೆ ಹಾಸಿ, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ. ಅಂಚನ್ನು ಗೋಡೆಯ ಜಾಲರಿಯ ಮೇಲೆ ಮಡಚಿ ಕಟ್ಟಿ, ಆಮೇಲೆ ಶೀಟು ಹೊದಿಸಿ. ಉಳಿದ 11 ಅಡಿಯಲ್ಲಿ ಬಾಗಿಲಿಗೂ ಬಾಗಿಲ ಮೇಲಿನ ಸಂದಿಗೂ ಆಗುತ್ತದೆ.

“ಶೀಟು ಇದೆಯಲ್ಲ, ಮಾಡಿಗೂ ಯಾಕೆ ಜಾಲರಿ?” ಎಂದು ಕೇಳುವವರೇ ಹೆಚ್ಚು. ಶೀಟನ್ನು ಹಿಡಿದಿರುವುದು ನಾಲ್ಕಾರು ಕೊಕ್ಕೆ ಬೋಲ್ಟು. ಗಾಳಿಗೆ ಸಡಿಲಾದ ಒಂದು ಅಂಚು ಸಾಕು.

ಬಾಗಿಲು ಎಲ್ಲಕ್ಕಿಂತ ದುರ್ಬಲ ಜಾಗ. 3 ಅಡಿ ಅಗಲ, 6 ಅಡಿ ಎತ್ತರದ ಕಬ್ಬಿಣದ ಚೌಕಟ್ಟಿಗೆ ಅದೇ ಜಾಲರಿ ಬೆಸೆಯಿಸಿ, ಕೆಳಗಿನ 3 ಅಡಿಗೆ ತಗಡು ಹಾಕಿಸಿ. ಹೊರಕ್ಕೆ ತೆರೆಯುವಂತಿರಲಿ. ಆಗ ಹೊರಗಿನ ತಳ್ಳಾಟಕ್ಕೆ ಬಾಗಿಲು ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಕೆಳಗಿನ ಸಂದಿ 2 ಇಂಚು ಮೀರಬಾರದು. ಹೊಸ್ತಿಲಿಗೆ ಚಪ್ಪಡಿ ಅಥವಾ ಕಾಂಕ್ರೀಟ್ ಹಾಕಿ. ಮಣ್ಣಿನ ಹೊಸ್ತಿಲು ಮೇಕೆ ಓಡಾಡಿ ಎರಡು ತಿಂಗಳಲ್ಲಿ ಗುಂಡಿಯಾಗುತ್ತದೆ. ಮೇಲೊಂದು ಕೆಳಗೊಂದು ಚಿಲಕ. ಎಷ್ಟೋ ಕಡೆ ಇಷ್ಟೆಲ್ಲ ಖರ್ಚು ಮಾಡಿ ಕೊನೆಗೆ ಹಗ್ಗದಲ್ಲಿ ಬಾಗಿಲು ಕಟ್ಟಿರುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಎಂಬ ಗಾದೆ ಇಂಥವರಿಗೇ.

ಗಾಳಿಯನ್ನು ಮರೆಯಬೇಡಿ. ಭಯಕ್ಕೆ ಸುತ್ತಲೂ ತಗಡು ಹೊಡೆದು ಮುಚ್ಚಿದರೆ ಉಚ್ಚೆಯ ಘಾಟಿಗೆ ಮೇಕೆಗಳಿಗೆ ಕೆಮ್ಮು, ನ್ಯುಮೋನಿಯಾ ಹಿಡಿಯುತ್ತದೆ. ಚಿರತೆ ಒಯ್ಯುವುದಕ್ಕಿಂತ ಹೆಚ್ಚು ಮರಿ ಅದರಲ್ಲೇ ಹೋಗುತ್ತವೆ. ಗೋಡೆಯ ಮೇಲಿನ ಜಾಲರಿಯನ್ನು ಮುಚ್ಚದೆ ಬಿಡಿ. ಚಳಿಗಾಲದಲ್ಲಿ ಗಾಳಿ ಬೀಸುವ ಕಡೆ ಮಾತ್ರ ಗೋಣಿ ಇಳಿಬಿಡಿ.

ಹಳೆಯ ಹೆಂಚಿನ ಕೊಟ್ಟಿಗೆ ಇದ್ದವರು ಹೊಸದು ಕಟ್ಟಬೇಕಿಲ್ಲ. ಮೂರು ಜಾಗ ಸರಿಪಡಿಸಿ: ಹೆಂಚಿನ ಅಡಿಗೆ ತೊಲೆ, ಪಕಾಸಿಗೆ ಹೊಂದಿಸಿ ಜಾಲರಿ, ಗೋಡೆಗೂ ಮಾಡಿಗೂ ನಡುವಿನ ಸಂದಿಗೆ ಜಾಲರಿ, ಬಾಗಿಲ ಕೆಳಗೆ ಹಲಗೆ. ಪಕ್ಕದಲ್ಲಿ ಮಾಡಿಗೆ ಒರಗಿದ ಮರದ ಕೊಂಬೆ ಇದ್ದರೆ ಕತ್ತರಿಸಿ. ಹುಲ್ಲಿನ ಬಣವೆಯನ್ನು ಗೋಡೆಗೆ ತಾಗಿಸಿ ಹಾಕಬೇಡಿ, ಅದೇ ಏಣಿಯಾಗುತ್ತದೆ.

ಬೆಳೆದ ಹಸು, ಎಮ್ಮೆಗೆ ಅಪಾಯ ಕಡಿಮೆ, ಕರುಗಳಿಗೆ ಹೆಚ್ಚು. ಜಾಗ ಸಾಲದಿದ್ದರೆ ಕರು, ಮೇಕೆಮರಿಗಳನ್ನಾದರೂ ಮೊದಲು ಒಳಗೆ ಹಾಕಿ. ಕುರಿಮಂದೆಯನ್ನು ಹೊಲದಲ್ಲಿ ತರುಬುವವರ ಬಲೆ ಕುರಿಯನ್ನು ತಡೆಯುತ್ತದೆ, ಚಿರತೆಯನ್ನಲ್ಲ. ಅಲ್ಲಿ ಮರಿಗಳನ್ನು ಮುಚ್ಚಿದ ಗೂಡಿನಲ್ಲಿಟ್ಟು, ಜನ ಮಂದೆಯ ಎರಡು ಪಕ್ಕಕ್ಕೂ ಮಲಗಿ, ಪೊದೆಯಿಂದ ದೂರದ ಬಯಲನ್ನೇ ಆರಿಸಿಕೊಳ್ಳಬೇಕು. ತೆರೆದ ನೆಲದಲ್ಲಿ ಒಂಟಿಯಾಗಿ ಮಲಗುವುದು ಬೇಡ.

ದೀಪದ ಬಗ್ಗೆ. ರಾತ್ರಿಯಿಡೀ ಒಂದೇ ಸಮನೆ ಉರಿಯುವ ಬಲ್ಬಿಗೆ ಚಿರತೆ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಲಯ ತಪ್ಪಿ ಮಿನುಗುವ ದೀಪ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ, ಅದನ್ನೂ ವಾರಕ್ಕೊಮ್ಮೆ ಜಾಗ ಬದಲಿಸಬೇಕು. ದೀಪದಿಂದ ನಿಜವಾದ ಲಾಭ ನಿಮಗೆ: ಬಾಗಿಲು ತೆಗೆಯುವ ಮುಂಚೆ ಅಂಗಳ ಕಾಣುತ್ತದೆ.

4. ನಾಯಿಯನ್ನು ಒಳಗೆ ಕಟ್ಟಿ

ಕಾವಲಿಗೆಂದು ಜಗಲಿಯಲ್ಲಿ, ತೋಟದ ಮನೆಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಇಟ್ಟ ಊಟ. ಸಂಜೆ ಆರಕ್ಕೆ ಮುಂಚೆ ಒಳಗೆ, ಬೆಳಕು ಹರಿದ ಮೇಲೆ ಹೊರಗೆ. ಒಳಗೆ ಬಿಟ್ಟುಕೊಳ್ಳಲು ಮನಸ್ಸಿಲ್ಲದಿದ್ದರೆ ಕೊಟ್ಟಿಗೆಯ ಜಾಲರಿಯಿಂದಲೇ 4 ಅಡಿ × 4 ಅಡಿಯ, ಮೇಲೂ ಮುಚ್ಚಿರುವ ಗೂಡು ಮಾಡಿಸಿ. ನಾಯಿ ರಾತ್ರಿ ಒಂದೇ ಸಮನೆ ಬೊಗಳಿ ತಟಕ್ಕನೆ ಸುಮ್ಮನಾದರೆ ಬಾಗಿಲು ತೆಗೆದು ಓಡಬೇಡಿ. ಮೊದಲು ಹೊರಗಿನ ದೀಪ ಹಾಕಿ, ಕಿಟಕಿಯಿಂದ ಟಾರ್ಚು ಬಿಡಿ, ಜೋರಾಗಿ ಮಾತಾಡಿ.

5. ಸಂಜೆ, ಬೆಳಗಿನ ಜಾವದ ಓಡಾಟ

2019–20ರಲ್ಲಿ ತುಮಕೂರು ಜಿಲ್ಲೆಯಲ್ಲಿ, 2022–23ರಲ್ಲಿ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆಗೆ ಜನ ಬಲಿಯಾದ ಮೇಲೆ ಈ ಹಂತವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚಿರತೆ ಸಾಧಾರಣವಾಗಿ ಮನುಷ್ಯನಿಂದ ದೂರವೇ ಇರುತ್ತದೆ. ಅಪಾಯ ಹೆಚ್ಚುವುದು ಆಳು ಒಂಟಿಯಾಗಿದ್ದಾಗ, ಸಣ್ಣದಾಗಿ ಕಂಡಾಗ, ಹೊತ್ತು ಮುಳುಗಿದಾಗ. ಮಕ್ಕಳು, ಬಗ್ಗಿ ಹುಲ್ಲು ಕೊಯ್ಯುವವರು, ಬಯಲಿಗೆ ಕೂತವರು.

ಹತ್ತು ವರ್ಷದೊಳಗಿನ ಮಕ್ಕಳು ಕತ್ತಲಾದ ಮೇಲೆ ಅಂಗಳಕ್ಕೂ ಒಂಟಿಯಾಗಿ ಇಳಿಯಬಾರದು, ಪಕ್ಕದ ಅಂಗಡಿಗೆ ಹಾಲು ತರಲೂ ಕಳಿಸಬೇಡಿ. ಮನೆಗೆ ಶೌಚಾಲಯ ಇದ್ದೂ ಅದರಲ್ಲಿ ಸೌದೆ ತುಂಬಿಟ್ಟಿದ್ದರೆ ಇವತ್ತೇ ಖಾಲಿ ಮಾಡಿ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಪಂಪ್ ಹಾಕಲು ಹೋಗುವವರು ಇಬ್ಬರಾಗಿ ಹೋಗಿ, ಟಾರ್ಚು ಜೊತೆಗಿರಲಿ, ಮೊಬೈಲಿನಲ್ಲಿ ಹಾಡು ಜೋರಾಗಿರಲಿ. ಇಯರ್‌ಫೋನ್ ಹಾಕಿಕೊಂಡರೆ ಎರಡೂ ಕಡೆ ನಷ್ಟ: ನಿಮಗೆ ಅದರ ಸದ್ದು ಕೇಳಿಸುವುದಿಲ್ಲ, ಅದಕ್ಕೆ ನಿಮ್ಮದು ಕೇಳಿಸುವುದಿಲ್ಲ. ಹಗಲು ಹೊತ್ತು ಕರೆಂಟ್ ಕೊಡಿ ಎಂದು ಊರವರು ಒಟ್ಟಾಗಿ ವಿದ್ಯುತ್ ಕಂಪನಿಗೆ ಅರ್ಜಿ ಹಾಕುವುದು ಬೋನಿನ ಅರ್ಜಿಗಿಂತ ಮುಖ್ಯ ಎಂಬುದು ನಮ್ಮ ಅಭಿಪ್ರಾಯ.

6. ಎದುರಾದರೆ

ಓಡಬೇಡಿ, ಬೆನ್ನು ತಿರುಗಿಸಬೇಡಿ, ಕೂರಬೇಡಿ. ಜೊತೆಯಲ್ಲಿ ಮಗು ಇದ್ದರೆ ಕಣ್ಣು ಚಿರತೆಯ ಮೇಲೇ ಇಟ್ಟು, ಆದಷ್ಟು ಬಗ್ಗದೆ ಮಗುವನ್ನು ಎತ್ತಿಕೊಳ್ಳಿ. ಕೈ, ಟವೆಲ್ಲು, ಕೊಡೆ ಏನಾದರೂ ಮೇಲೆತ್ತಿ ದೊಡ್ಡದಾಗಿ ಕಾಣಿ. ಗಟ್ಟಿ ದನಿಯಲ್ಲಿ ಮಾತಾಡುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡಿ. ಅದು ಹೋಗಲು ಒಂದು ದಾರಿ ತೆರೆದಿರಬೇಕು. ಮೂಲೆಗೆ ಸಿಕ್ಕ ಚಿರತೆ ಮೈಮೇಲೆ ಬೀಳುವುದು ತಪ್ಪಿಸಿಕೊಳ್ಳುವುದಕ್ಕೇ. ಕಲ್ಲು ಹೊಡೆಯಬೇಡಿ, ಫೋಟೊಗೆ ನಿಲ್ಲಬೇಡಿ. ಮೈಮೇಲೆ ಬಿದ್ದೇಬಿಟ್ಟರೆ ಕತ್ತನ್ನು ತೋಳಿನಿಂದ ಮುಚ್ಚಿಕೊಂಡು, ಸಿಕ್ಕಿದ್ದರಲ್ಲಿ ಅದರ ಮೂಗು, ಕಣ್ಣಿಗೆ ಹೊಡೆದು ಕೂಗಿ. ಸತ್ತಂತೆ ಮಲಗುವುದು ಇಲ್ಲಿ ಕೆಲಸಕ್ಕೆ ಬಾರದು.

7. ಮನೆಯೊಳಗೆ, ಬಾವಿಯಲ್ಲಿ, ಉರುಳಿನಲ್ಲಿ ಸಿಕ್ಕಾಗ

ಕೋಣೆಗೆ ನುಗ್ಗಿದ್ದರೆ ಹೊರಗಿನಿಂದ ಬಾಗಿಲು ಹಾಕಿ, ಕಿಟಕಿಗಳಿಂದ ಜನರನ್ನು ದೂರ ಸರಿಸಿ, 1926ಕ್ಕೆ ಮತ್ತು 112ಕ್ಕೆ ಕರೆ ಮಾಡಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಆಮೇಲಿನ ಮುಖ್ಯ ಕೆಲಸ ಗುಂಪು ಸೇರದಂತೆ ನೋಡಿಕೊಳ್ಳುವುದು, ಅದು ಪೊಲೀಸರದು. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕುಂದಲಹಳ್ಳಿಯ ಶಾಲೆಗೆ ಚಿರತೆ ಹೊಕ್ಕಾಗ ಹಿಡಿಯಲು ಹೋದ ಅನುಭವಸ್ಥರೇ ಗಾಯಗೊಂಡರು. ಅರಿವಳಿಕೆ ಚುಚ್ಚುಮದ್ದು ಹೊಡೆದ ಕೂಡಲೇ ಚಿರತೆ ಬೀಳುವುದಿಲ್ಲ, ಮದ್ದು ಏರಲು ಹಲವು ನಿಮಿಷ ಬೇಕು. ಗದ್ದಲಕ್ಕೆ ಕೆರಳಿದ ಪ್ರಾಣಿಯಲ್ಲಿ ಇನ್ನೂ ತಡ. ಆ ನಿಮಿಷಗಳಲ್ಲೇ ಅನಾಹುತವಾಗುವುದು.

ಬಾವಿಗೆ ಬಿದ್ದಿದ್ದರೆ ಹಗ್ಗ ಕಟ್ಟಿದ ಮಂಚವನ್ನೋ ಮರದ ದಿಮ್ಮಿಯನ್ನೋ ಇಳಿಬಿಟ್ಟರೆ ಅದರ ಮೇಲೆ ಕೂತು ಮುಳುಗದೆ ಉಳಿಯುತ್ತದೆ. ಮುಂದಿನದನ್ನು ಇಲಾಖೆಯವರು ಏಣಿ ಇಲ್ಲವೇ ಬೋನು ಇಳಿಸಿ ಮಾಡುತ್ತಾರೆ. ಕಟ್ಟೆ ಇಲ್ಲದ ಬಾವಿಗೆ 3 ಅಡಿ ಕಟ್ಟೆ ಕಟ್ಟಿಸಿದರೆ ನಿಮ್ಮ ಕರುವಿಗೂ ಒಳ್ಳೆಯದು.

ಹಂದಿಗೆಂದು ಬೇಲಿಯಲ್ಲಿ ಕಟ್ಟುವ ಕ್ಲಚ್ ತಂತಿಯ ಉರುಳಿಗೆ ಚಿರತೆ ಸಿಕ್ಕಿದ್ದರೆ ಹತ್ತಿರ ಹೋಗಲೇಬೇಡಿ. ತಂತಿ ಯಾವ ಗಳಿಗೆಯಲ್ಲಿ ಕಿತ್ತುಬರುತ್ತದೆ ಎಂದು ಹೇಳಲಾಗದು. ಉರುಳು ಕಟ್ಟುವುದೂ ಬೇಲಿಗೆ ನೇರ ಕರೆಂಟ್ ಬಿಡುವುದೂ ಸತ್ತ ದನಕ್ಕೆ ವಿಷ ಹಾಕುವುದೂ ಅಪರಾಧ. ಚಿರತೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮೈಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದುದ್ದೇಶದಿಂದ ಹೊಡೆದದ್ದು ಮಾತ್ರ ಅಪರಾಧವಲ್ಲ.

8. ಕಬ್ಬು ಕಡಿಯುವಾಗ ಮರಿ ಸಿಕ್ಕರೆ

ತಾಯಿ ಮರಿಗಳನ್ನು ಕಬ್ಬಿನಲ್ಲಿ ಬಚ್ಚಿಟ್ಟು ಬೇಟೆಗೆ ಹೋಗಿರುತ್ತದೆ, ತೊರೆದು ಹೋಗಿರುವುದಿಲ್ಲ. ಮುಟ್ಟಬೇಡಿ, ಮನೆಗೆ ತರಬೇಡಿ, ಸೆಲ್ಫಿ ಬೇಡ. ಆ ಭಾಗದ ಕಡಿತ ನಿಲ್ಲಿಸಿ, ಆಳುಗಳನ್ನು ಆಚೆ ಕರೆಸಿ, ಇಲಾಖೆಗೆ ತಿಳಿಸಿ. ಸಿಬ್ಬಂದಿ ಮರಿಗಳನ್ನು ಪರೀಕ್ಷಿಸಿ, ಸಿಕ್ಕಿದ ಜಾಗದಲ್ಲೇ ಕ್ರೇಟಿನಲ್ಲಿಟ್ಟು ದೂರ ಸರಿಯುತ್ತಾರೆ. ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಮಹಾರಾಷ್ಟ್ರದ ಜುನ್ನರ್ ಕಡೆ ಇದು ರೂಢಿಯಾಗಿದೆ. ಮರಿ ಒಯ್ದರೆ ತಾಯಿ ಆ ಗದ್ದೆಯನ್ನು ಬಿಡದೆ ಹುಡುಕಾಡುತ್ತದೆ, ಮರುದಿನ ಕಬ್ಬು ಕಡಿಯಲು ಇಳಿಯುವವರು ನೀವೇ. ಇನ್ನೊಂದು: ಕಡಿತವನ್ನು ನಾಲ್ಕೂ ಕಡೆಯಿಂದ ಶುರುಮಾಡಿ ನಡುವೆ ಮುಗಿಸಬೇಡಿ. ಒಂದು ಬದಿಯಿಂದ ಹೊರಟು ಎದುರು ಬದಿಯನ್ನು ತಪ್ಪಿಸಿಕೊಳ್ಳಲು ಬಿಡಿ.

9. ದಾಳಿಯಾದ ಮೇಲೆ

ಮನುಷ್ಯನಿಗೆ ಗಾಯವಾಗಿದ್ದರೆ ಸಣ್ಣ ತರಚಾದರೂ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ರಕ್ತ ಚಿಮ್ಮುತ್ತಿದ್ದರೆ ಬಟ್ಟೆ ಒತ್ತಿ ಹಿಡಿದು ನೇರ ಆಸ್ಪತ್ರೆಗೆ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ರೇಬೀಸ್ ಲಸಿಕೆ, ಗಾಯಕ್ಕೆ ಹಾಕುವ ಇಮ್ಯುನೊಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವವರೆಗೆ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ), ಧನುರ್ವಾಯು ಚುಚ್ಚುಮದ್ದು ಮೂರೂ ಬೇಕು. “ನಾಯಿ ಕಚ್ಚಿಲ್ಲವಲ್ಲ” ಎಂದು ಲಸಿಕೆಯ ಕಂತು ಅರ್ಧಕ್ಕೆ ಬಿಡಬೇಡಿ. ಆಸ್ಪತ್ರೆಯ ಪ್ರತಿ ಚೀಟಿ, ಬಿಲ್ಲು ಇಟ್ಟುಕೊಳ್ಳಿ.

ಜಾನುವಾರು ಸತ್ತಿದ್ದರೆ ಪರಿಹಾರ ಸಿಗಬೇಕಾದರೆ ಮೊದಲ ಕೆಲವು ಗಂಟೆ ಮುಖ್ಯ. ಕಳೇಬರವನ್ನು ಎಳೆಯಬೇಡಿ, ಹೂಳಬೇಡಿ. ನಾಲ್ಕು ಕಡೆಯಿಂದ, ಕತ್ತಿನ ಗಾಯ ಕಾಣುವಂತೆ, ದಿನಾಂಕ ಮತ್ತು ಜಾಗ ಮೂಡುವ ಆ್ಯಪ್‌ನಲ್ಲಿ ಫೋಟೊ ತೆಗೆಯಿರಿ. ಹೆಜ್ಜೆಯ ಮೇಲೆ ಬಾಣಲೆ ಅಥವಾ ಪ್ಲಾಸ್ಟಿಕ್ ಬೇಸಿನ್ ಕವುಚಿಡಿ, ಇಲ್ಲದಿದ್ದರೆ ನೋಡಲು ಬಂದವರೇ ತುಳಿದು ಅಳಿಸುತ್ತಾರೆ. ಗಾರ್ಡ್‌ಗೆ ಅದೇ ದಿನ ತಿಳಿಸಿ. ಅವರು ಮಹಜರು ಮಾಡುತ್ತಾರೆ, ಎಂದರೆ ಸ್ಥಳದಲ್ಲಿ ಕಂಡದ್ದನ್ನು ಸಾಕ್ಷಿಗಳ ಸಹಿಯೊಂದಿಗೆ ಬರೆದಿಡುತ್ತಾರೆ. ಪಶುವೈದ್ಯರು ಮರಣೋತ್ತರ ಪರೀಕ್ಷೆಯ ವರದಿ ಕೊಡುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಈ ಎರಡು ಕಾಗದದ ಪ್ರತಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅದು ದಾಖಲಾಗಬೇಕು. ಅರ್ಜಿ ಸಂಖ್ಯೆ ಕೇಳಿ ಬರೆದುಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಮೊತ್ತವನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ, ಈಗಿನ ಆದೇಶದ ಪ್ರತಿಯನ್ನು ಅಲ್ಲೇ ಕೇಳಿ.

ಅರ್ಜಿಯ ಹೆಸರು, ಪಾಸ್‌ಬುಕ್ ಹೆಸರು, ಆಧಾರ್ ಹೆಸರು ಮೂರೂ ಒಂದೇ ಇಲ್ಲದೆ ನಿಂತುಹೋಗುವ ಅರ್ಜಿಗಳು ಬಹಳ. ದನ ತಂದೆಯ ಹೆಸರಿನ ವಿಮೆಯಲ್ಲಿ, ಅರ್ಜಿ ಮಗನ ಹೆಸರಲ್ಲಿ ಎಂದಾದರೂ ತೊಡಕೇ. ವಿಮೆ ಇದ್ದರೆ 12 ಅಂಕಿಯ ಕಿವಿ ಟ್ಯಾಗು ಕಾಣುವಂತೆ ಒಂದು ಫೋಟೊ ಬೇರೆಯೇ ಇರಲಿ.

ಮಹಜರು ಮುಗಿದ ಮೇಲೆ ಕಳೇಬರ ಏನು ಮಾಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಚಿರತೆ ಮರುರಾತ್ರಿ ಅಲ್ಲಿಗೇ ಬರುತ್ತದೆ. ಹೊಲದಂಚಿನಲ್ಲಿ, ಮನೆಗಳಿಂದ ದೂರ ಇದ್ದರೆ ಬಿಟ್ಟುಬಿಡುವುದೇ ಲೇಸು, ಕಿತ್ತುಕೊಂಡರೆ ಹಸಿದ ಪ್ರಾಣಿ ಇನ್ನೊಂದಕ್ಕೆ ಕೈ ಹಾಕುತ್ತದೆ. ಮನೆಗೆ ಅಂಟಿದಂತೆ ಬಿದ್ದಿದ್ದರೆ ಸಿಬ್ಬಂದಿಯನ್ನು ಕೇಳಿ 6 ಅಡಿ ಆಳಕ್ಕೆ ಸುಣ್ಣ ಹಾಕಿ ಹೂಳಿ.

10. ಈಗ ಬೋನು

ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿಯ ಪ್ರಕಾರ ಹಿಡಿಯುವುದು ಕೊನೆಯ ಉಪಾಯ. ಕಾರಣ ಜುನ್ನರ್‌ನಲ್ಲಿ ಸಿಕ್ಕಿತ್ತು. 2000ದ ನಂತರದ ವರ್ಷಗಳಲ್ಲಿ ಅಲ್ಲಿ ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು, ಜನರ ಮೇಲಿನ ದಾಳಿ ತಗ್ಗುವ ಬದಲು ಏರಿತು. ಹೊಸ ಜಾಗಕ್ಕೆ ಬಿದ್ದ ಚಿರತೆ ಅಲ್ಲಿಯ ಆಗುಹೋಗು ತಿಳಿಯದೆ ಅಲೆದು ಜನರ ನಡುವೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹತ್ತಾರು ಕಿಲೋಮೀಟರ್ ನಡೆದು ವಾಪಸು ಬರುತ್ತದೆ. ಖಾಲಿಯಾದ ಜಾಗಕ್ಕೆ ಹರೆಯದ ಇನ್ನೊಂದು ಬಂದು ಸೇರುತ್ತದೆ, ಕೆಲವೊಮ್ಮೆ ಒಂದರ ಬದಲು ಎರಡು. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತಲೂ ಹಿಡಿದು ಬಿಡುವುದನ್ನು ತಗ್ಗಿಸಿ ಕಸ, ನಾಯಿ, ಜನರ ತಿಳಿವಳಿಕೆಯ ಕಡೆ ಗಮನ ಕೊಟ್ಟ ಮೇಲೇ ಪರಿಸ್ಥಿತಿ ಸುಧಾರಿಸಿದ್ದು.

ಹಾಗೆಂದು ಬೋನು ಎಂದೂ ಬೇಡ ಎಂದಲ್ಲ. ಮನುಷ್ಯನ ಮೇಲೆ ದಾಳಿಯಾಗಿದ್ದರೆ, ಅದೇ ಊರಿನಲ್ಲಿ ಮತ್ತೆ ನಡೆದಿದ್ದರೆ, ಗಾಯಗೊಂಡ ಚಿರತೆ ಊರಲ್ಲೇ ಸುಳಿದಾಡುತ್ತಿದ್ದರೆ ತಡಮಾಡದೆ ಕೇಳಿ. ಬರೀ ಕಂಡಿತು, ನಾಯಿ ಒಯ್ದಿತು ಎಂಬುದಕ್ಕೆ ಬೇಡ. ವಲಯ ಅರಣ್ಯಾಧಿಕಾರಿಗೆ ಕೊಡುವ ಅರ್ಜಿಯಲ್ಲಿ ದಿನಾಂಕ, ಹೊತ್ತು, ಜಾಗದ ಸರ್ವೆ ನಂಬರು, ಹೆಜ್ಜೆಯ ಫೋಟೊ, ಹಿಂದಿನ ಮಹಜರುಗಳ ಪ್ರತಿ ಇರಲಿ. ಮೊದಲು ಕ್ಯಾಮೆರಾ ಟ್ರ್ಯಾಪ್ (ಎದುರು ಹಾದ ಪ್ರಾಣಿಯ ಚಿತ್ರ ತಾನೇ ತೆಗೆಯುವ ಕ್ಯಾಮೆರಾ) ಹಾಕಲು ಕೇಳಿ. ಚಿರತೆಯ ಮೈಮೇಲಿನ ಮಚ್ಚೆ ಒಂದೊಂದಕ್ಕೂ ಬೇರೆ, ಬಂದುಹೋಗುತ್ತಿರುವುದು ಒಂದೇ ಚಿರತೆಯೋ ಮೂರೋ, ಮರಿಯಿರುವ ತಾಯಿಯೋ ಅದರಲ್ಲಿ ತಿಳಿಯುತ್ತದೆ. ಇದು ತಿಳಿಯದೆ ಇಟ್ಟ ಬೋನಿಗೆ ದಾಳಿ ಮಾಡಿದ್ದರ ಬದಲು ದಾರಿಹೋಕ ಚಿರತೆ ಬೀಳಬಹುದು, ಊರು ನಿಶ್ಚಿಂತೆಯಿಂದ ಬಾಗಿಲು ತೆರೆದು ಮಲಗುತ್ತದೆ.

ಬೋನು ಬಂದ ಮೇಲೆ ಅದರ ಹತ್ತಿರ ಜನ ಸುಳಿಯಬಾರದು, ಒಳಗೆ ಕಟ್ಟಿದ ಆಡಿಗೆ ನೀರು, ಮೇವು ಹಾಕುವುದು ಸಿಬ್ಬಂದಿ ಮಾತ್ರ. ಬಾಗಿಲು ಬಿದ್ದ ಸದ್ದು ಕೇಳಿದ ರಾತ್ರಿ ಟಾರ್ಚು ಹಿಡಿದು ನೋಡಲು ಹೋಗಬೇಡಿ. ಸರಳುಗಳ ನಡುವಿನಿಂದ ಪಂಜ ಮೊಳದುದ್ದ ಹೊರಗೆ ಚಾಚುತ್ತದೆ, ಬೋನಿನ ಆಚೆ ಕತ್ತಲಲ್ಲಿ ಅದರ ಬೆಳೆದ ಮರಿಯೂ ಇದ್ದಿರಬಹುದು. ಕರೆ ಮಾಡಿ, ಬೆಳಗಾಗಲಿ.